ಭಾವನ ವಿಮಾನದ ಮೂರನೆಯ ಚಕ್ರ

ಮೂರು ಚಕ್ರ, ಅಷ್ಟೇ. ಎರಡು ದೊಡ್ಡವು, ಒಂದು ಚಿಕ್ಕದು. ದೊಡ್ಡವೆರಡು ರೆಕ್ಕೆಯ ಕೆಳಗೆ, ಹೊಟ್ಟೆಯ ಎರಡೂ ಬದಿಗೆ ಬರುತ್ತವೆ. ಅದರಲ್ಲಿ ಯಾರದೂ ತಕರಾರಿಲ್ಲ. ಚಿಕ್ಕದು ಮೂತಿಯ ಕೆಳಗಿರಬೇಕೋ ಬಾಲದ ಕೆಳಗಿರಬೇಕೋ ಎಂಬ ಒಂದೇ ಪ್ರಶ್ನೆಗೆ ಪೀಣ್ಯದ ನನ್ನ ಶೆಡ್ಡು ಒಂದು ಇಡೀ ಮಳೆಗಾಲವನ್ನೂ ಅದರ ಹಿಂದೆ ಬಂದ ಚಳಿಗಾಲವನ್ನೂ ಕಳೆದುಕೊಂಡಿತು. ತೊಂಬತ್ತರ ದಶಕದ ನಡುವಿನ ಮಾತು. ಈಗಲೂ ಯಾರಾದರೂ ನನ್ನೆದುರು ಟೈಲ್‌ವೀಲ್ ಎಂದರೆ ಸಾಕು, ಮೈ ಉರಿಯುತ್ತದೆ.

ನನ್ನದು ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಅಲುಗದಂತೆ ಹಿಡಿದಿಡುವ ಜಿಗ್, ಫಿಕ್ಸ್ಚರ್ ಮಾಡಿಕೊಡುವ ಸಣ್ಣ ಟೂಲ್‌ರೂಮು. ವಿಮಾನದ ಜೊತೆ ನನಗೆ ಯಾವ ನಂಟೂ ಇರಲಿಲ್ಲ. ನಂಟು ಇದ್ದದ್ದು ಭಾವನ ಜೊತೆ. ಅಕ್ಕನ ಗಂಡ, ದಾವಣಗೆರೆ ಕಡೆಯವರು, ಬೆಂಗಳೂರಿನಲ್ಲಿ ಹೆಸರು ಮಾಡಿದ ಮೂಳೆ ಡಾಕ್ಟರು. ನಡುವಯಸ್ಸಿನಲ್ಲಿ ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಯಾರೋ ವಿದೇಶದಿಂದ ತರಿಸಿ, ಅರ್ಧ ಕಟ್ಟಿ, ಬೇಸತ್ತು ಕೈಬಿಟ್ಟ ಎರಡು ಸೀಟಿನ ವಿಮಾನದ ಕಿಟ್ ಅವರ ಕಣ್ಣಿಗೆ ಬಿತ್ತು. ಲಾರಿಗೆ ಹೇರಿಸಿ ನೇರ ನನ್ನ ಶೆಡ್ಡಿನ ಮುಂದೆ ತಂದು ಇಳಿಸಿದರು. "ನಿನ್ನ ಹತ್ರ ಜಾಗ ಇದೆಯಲ್ಲೋ," ಅಂದರು. ನನ್ನ ಹತ್ತಿರ ಜಾಗ ಇರಲಿಲ್ಲ. ಲೇತನ್ನು ಗೋಡೆಗೆ ಒತ್ತಿ, ಮಿಲ್ಲಿಂಗ್ ಮಷಿನ್ನನ್ನು ಬಾಗಿಲ ಹತ್ತಿರಕ್ಕೆ ಸರಿಸಿ ಜಾಗ ಮಾಡಿದೆ. ಕಟ್ಟುವುದಕ್ಕೂ ಹಾರಿಸುವುದಕ್ಕೂ ಬೇಕಾದ ಅನುಮತಿಗಳ ಕಥೆ ಬೇರೆಯೇ ಇದೆ. ಅದನ್ನು ನೆನೆಸಿಕೊಂಡರೆ ಊಟ ಸೇರುವುದಿಲ್ಲ, ಬಿಡಿ.

ಆ ವಿಮಾನದ ಮೈ ಎಂದರೆ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿದ ಒಂದು ಪಂಜರ. ಮೇಲೆ ಬಟ್ಟೆ ಬಿಗಿಯುವ ಮೊದಲು ಪಂಜರದ ತಳಕ್ಕೆ ದೊಡ್ಡ ಚಕ್ರಗಳ ಕಾಲು ಕೂರುವ ಗೂಡುಗಳನ್ನು ವೆಲ್ಡ್ ಮಾಡಬೇಕು. ಕಿಟ್ ಮಾಡಿದವರು ಎರಡೂ ದಾರಿ ತೆರೆದಿಟ್ಟಿದ್ದರು. ಚಿಕ್ಕ ಚಕ್ರ ಬಾಲಕ್ಕೆ ಹೋದರೆ ದೊಡ್ಡ ಚಕ್ರಗಳು ವಿಮಾನದ ಭಾರಕೇಂದ್ರಕ್ಕಿಂತ ಮುಂದೆ ಇರಬೇಕು, ಚಿಕ್ಕದು ಮೂತಿಗೆ ಬಂದರೆ ದೊಡ್ಡವು ಭಾರಕೇಂದ್ರಕ್ಕಿಂತ ಹಿಂದೆ. ಒಮ್ಮೆ ವೆಲ್ಡ್ ಆಗಿ ಬಟ್ಟೆ ಬಿಗಿದ ಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ.

ಭಾರಕೇಂದ್ರ ಎಲ್ಲಿದೆ ಎಂದು ನೋಡಲು ಮಾದನಾಯಕನಹಳ್ಳಿಯ ಒಂದು ಗೋದಾಮಿನಿಂದ ಮೂಟೆ ತೂಗುವ ಮಷಿನ್ನುಗಳನ್ನು ಎರವಲು ತಂದೆ. ಎಂಜಿನ್ ಬರುವ ಜಾಗಕ್ಕೆ ಅಷ್ಟೇ ತೂಕದ ಕಬ್ಬಿಣ ಕಟ್ಟಿ, ಸೀಟಿನಲ್ಲಿ ಮರಳು ಚೀಲ ಕೂರಿಸಿ ತೂಗಿದೆ. ಬಿಂದು ಸಿಕ್ಕಿತು, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮುಂದಿನದು ಯಾರಿಗಾದರೂ ಅರ್ಥವಾಗುವ ವಿಷಯ. ನೆಲದ ಮೇಲೆ ಓಡುವಾಗ ಭಾರ ಮುಂದಿದ್ದು ಚಕ್ರ ಹಿಂದಿದ್ದರೆ, ವಿಮಾನ ಸ್ವಲ್ಪ ಓರೆಯಾದರೂ ತಾನಾಗಿ ನೇರಕ್ಕೆ ಬರುತ್ತದೆ. ಚಕ್ರ ಮುಂದಿದ್ದು ಭಾರ ಹಿಂದಿದ್ದರೆ, ಓರೆಯಾದದ್ದು ಇನ್ನೂ ಓರೆಯಾಗುತ್ತದೆ. ಪೈಲಟ್ಟು ಆ ಕ್ಷಣದಲ್ಲೇ ಕಾಲಿನಿಂದ ಪೆಡಲ್ ಒತ್ತಿ ತಿದ್ದದಿದ್ದರೆ ಬಾಲ ಮುಂದಕ್ಕೆ ಬಂದು ವಿಮಾನ ಗಿರಕಿ ಹೊಡೆಯುತ್ತದೆ.

ಭಾವನಿಗೆ ಟೈಲ್‌ವೀಲೇ ಬೇಕಿತ್ತು. ಕಾರಣ ಕೇಳಿದರೆ, "ವಿಮಾನ ಅಂದ್ರೆ ಬಾಲ ನೆಲಕ್ಕೂರಿ, ಮೂತಿ ಎತ್ಕೊಂಡು ನಿಂತಿರ್ಬೇಕು ಕಣೋ. ಮೂತಿಗೆ ಚಕ್ರ ಹಾಕಿದ್ರೆ ಮಕ್ಕಳ ಸೈಕಲ್ ಥರ ಕಾಣತ್ತೆ," ಅಂದರು. ಇದು ಎಂಜಿನಿಯರಿಂಗ್ ಕಾರಣವಂತೆ!

ಅವರಿಗೆ ಬೆಂಬಲವಾಗಿ ನಿಂತವರು ನಾವೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದ ಹಿರಿಯ ಪೈಲಟ್ಟು. ವಾಯುಪಡೆಯಿಂದ ನಿವೃತ್ತರಾದವರು, ಜಾಲಹಳ್ಳಿ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮೊದಲ ಹಾರಾಟವನ್ನು ಅವರೇ ಮಾಡಿ, ಆಮೇಲೆ ಭಾವನ ಕೈಗೆ ಕೊಡುವುದೆಂದು ಮಾತಾಗಿತ್ತು. "ಟೈಲ್‌ವೀಲ್ ಇಳಿಸೋಕೆ ಬರದವನನ್ನ ನಾನು ಪೈಲಟ್ಟು ಅನ್ನಲ್ಲ ಕಣಯ್ಯ," ಎನ್ನುವುದು ಅವರ ಖಾಯಂ ಮಾತು. ಅವರ ವಾದದಲ್ಲಿ ಒಂದು ನಿಜವೂ ಇತ್ತು. ನಮಗೆ ಸಿಕ್ಕಿದ್ದ ರನ್‌ವೇ ಸರ್ಜಾಪುರದ ಆಚೆ ಭಾವನ ಪರಿಚಯದವರೊಬ್ಬರ ಜಮೀನಿನಲ್ಲಿದ್ದ ಕೆಂಪು ಮಣ್ಣಿನ ಪಟ್ಟಿ. ಟ್ರ್ಯಾಕ್ಟರ್ ಓಡಾಡಿದ ಗಾಡಿಜಾಡು, ಅಲ್ಲಲ್ಲಿ ಹುತ್ತ. ಇಂಥ ನೆಲದಲ್ಲಿ ಮೂತಿಯ ಕೆಳಗಿನ ಸಪೂರ ಕಾಲು ಒಂದು ಗುಣಿಗೆ ಸಿಕ್ಕಿದರೆ ಮಡಚಿಕೊಳ್ಳುತ್ತದೆ. ಆದರೆ ಅದೇ ಪಟ್ಟಿಯ ಒಂದು ಬದಿಗೆ ನೀಲಗಿರಿ ತೋಪು, ಇನ್ನೊಂದು ಬದಿಗೆ ಕಟ್ಟೆಯಿಲ್ಲದ ಬಾವಿ. ಅಲ್ಲಿ ಗಿರಕಿ ಹೊಡೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕ್ಯಾಪ್ಟನ್ ಇಳಿಸಿದರೆ ಗಿರಕಿ ಹೊಡೆಯುವುದಿಲ್ಲ, ಒಪ್ಪಿದೆ. ಇಳಿಸುವವರು ಭಾವ. ಅದೇ ತೊಂದರೆ.

ಭಾವನ ಕೈ ಬಂಗಾರ. ಪುಡಿಪುಡಿಯಾದ ಮೊಣಕಾಲನ್ನು ಜೋಡಿಸಿ, ಆ ಮನುಷ್ಯ ಮೆಟ್ಟಿಲು ಹತ್ತುವಂತೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಚಕ್ರವಿರುವ ಯಾವುದನ್ನೇ ಕೊಡಿ, ನೇರ ಓಡಿಸಲು ಅವರಿಗೆ ಬರುವುದಿಲ್ಲ. ಅವರ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವಲ್ಲಿ ಒಂದು ಕಂಬವಿದೆ. ಅದರ ತುಂಬ ಅವರ ಕಾರಿನ ಬಣ್ಣ. ಅಸೋಸಿಯೇಷನ್ನಿನವರು ಕೊನೆಗೆ ಆ ಕಂಬಕ್ಕೆ ಹಳೆಯ ಟೈರು ಕಟ್ಟಿಸಿದರು. ಅವರು ಕಾರು ರಿವರ್ಸ್ ತೆಗೆಯುವಾಗ ವಾಚ್‌ಮನ್ ಸೀಟಿ ಊದುತ್ತಾ ತಾನೇ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆ. ಭಾವ ತಿದ್ದುವುದಿಲ್ಲ ಎಂದಲ್ಲ, ತಡವಾಗಿ ತಿದ್ದುತ್ತಾರೆ, ತಿದ್ದಿದಾಗ ಅತಿಯಾಗಿ ತಿದ್ದುತ್ತಾರೆ. ಟೈಲ್‌ವೀಲ್ ವಿಮಾನಕ್ಕೆ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ.

ಇದನ್ನು ಅವರಿಗೆ ಹೇಳುವವರು ಯಾರು? ನಮ್ಮ ಮನೆಯಲ್ಲಿ ಅಕ್ಕನ ಗಂಡನಿಗೆ ಎದುರು ಮಾತಾಡುವ ರೂಢಿಯೇ ಇಲ್ಲ. ಅವರು ಎಲೆಯ ಮುಂದೆ ಕೂತ ಮೇಲೆ ನಾವು ಕೂರುವುದು. ಹಾಗಾಗಿ ನಾನು ತಿಂಗಳುಗಟ್ಟಲೆ ಬೇರೆಲ್ಲವನ್ನೂ ಹೇಳಿದೆ. ಮುಂದೆ ಚಕ್ರವಿದ್ದರೆ ನೆಲದ ಮೇಲೆ ಎದುರಿನ ದಾರಿ ಕಾಣುತ್ತದೆ ಎಂದೆ. ಜೋರಾಗಿ ಬ್ರೇಕು ಹಿಡಿದರೂ ಮೂತಿ ನೆಲಕ್ಕೆ ಬಡಿಯುವುದಿಲ್ಲ ಎಂದೆ. ಅಡ್ಡಗಾಳಿಯ ಚಿತ್ರ ಬರೆದು ತೋರಿಸಿದೆ. ಭಾವ ತಾಳ್ಮೆಯಿಂದ ಕೇಳಿ, "ತೂಕ ಜಾಸ್ತಿ ಆಗತ್ತಲ್ಲ?" ಅನ್ನುತ್ತಿದ್ದರು. ತೂಕ ಎಷ್ಟು ಕಡಿಮೆ ವ್ಯತ್ಯಾಸವೆಂದು ತೋರಿಸಿದರೆ, "ಗಾಳಿಗೆ ಅಡ್ಡ ಆಗತ್ತಲ್ಲ?" ಅದಕ್ಕೂ ಉತ್ತರ ಹುಡುಕಿಕೊಂಡು ಬಂದರೆ, "ನೋಡೋಣ ತಡಿ" ಎಂದು ಇನ್ನೊಂದು ಹಳೆಯ ವಿಮಾನದ ಫೋಟೋ ಜೇಬಿನಿಂದ ತೆಗೆಯುತ್ತಿದ್ದರು. ಅತ್ತ ನನ್ನ ಗಿರಾಕಿಗಳು ತಮ್ಮ ಫಿಕ್ಸ್ಚರ್ ಎಲ್ಲಿ ಎಂದು ಫೋನ್ ಮಾಡಿ ಬಯ್ಯುತ್ತಿದ್ದರು. ಪಂಜರ ಶೆಡ್ಡಿನ ನಡುವೆ ಸತ್ತ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು. ಅದನ್ನು ದಾಟದೆ ಲೇತಿನ ಹತ್ತಿರ ಹೋಗುವಂತಿರಲಿಲ್ಲ.

ಒಂದು ದಿನ ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ರೊಟ್ಟಿ ಬಡಿಯುತ್ತಾ, ತಲೆಯೆತ್ತದೆ ಕೇಳಿದಳು.

"ಎರಡೂ ಥರ ಕಟ್ಬಹುದು ಅಂತೀಯಲ್ಲ. ಯಾವ್ದ್ರಲ್ಲಿ ಇವ್ರು ಮನೆಗೆ ವಾಪಸ್ ಬರ್ತಾರೆ, ಅದನ್ನ ಹೇಳು."

"ಮುಂದೆ ಚಕ್ರ ಇರೋದ್ರಲ್ಲಿ."

"ಮತ್ತೆ ಅವ್ರಿಗೆ ಹೇಳೋಕೆ ನಿಂಗೇನು ಧಾಡಿ?"

"ನೀನೇ ಹೇಳು."

"ನಾನು ಹೇಳಿದ್ರೆ ನಾಳೆನೇ ಹಿಂದಿನ ಚಕ್ರ ಹಾಕಿಸ್ತಾರೆ. ಇಷ್ಟು ವರ್ಷದಲ್ಲಿ ನಿಂಗೆ ಇನ್ನೂ ಗೊತ್ತಾಗಿಲ್ವಾ?" ಎಂದಳು. ರೊಟ್ಟಿ ಹರಿಯಿತು. ಅವಳು ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದಳು. ಅವಳ ರೊಟ್ಟಿ ಹರಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳಿಗೆ ಹೆದರಿಕೆಯಾಗಿದೆ ಎಂದು ಆಗ ಗೊತ್ತಾಯಿತು, ನನಗೂ ಹೆದರಿಕೆಯಾಯಿತು.

ದಾರಿ ಹೊಳೆದದ್ದು ಶೆಡ್ಡಿನ ಎದುರಿಗೇ. ರಾಜಗೋಪಾಲನಗರದ ಆಟೋದವನೊಬ್ಬ, ಗದಗಿನ ಕಡೆಯವನು, ನಮ್ಮ ಗಲ್ಲಿಗೆ ಬಾಡಿಗೆ ತರುತ್ತಿದ್ದ. ಅವತ್ತು ಗಲ್ಲಿಗೆ ಅಡ್ಡಲಾಗಿ ಲಾರಿ ನಿಂತಿತ್ತು. ಅವನು ಬೈದುಕೊಳ್ಳುತ್ತಾ ಆಟೋವನ್ನು ಹಿಂದಕ್ಕೆ ಓಡಿಸಿಕೊಂಡು ಹೋದ. ಅದರ ಹಿಂಭಾಗ ಎಡಕ್ಕೂ ಬಲಕ್ಕೂ ಎಳೆಯುತ್ತಿತ್ತು, ಅವನು ತಿದ್ದುತ್ತಲೇ ಇದ್ದ. ನಾನು ಕೈಯಲ್ಲಿದ್ದ ಕ್ಯಾಲಿಪರ್ ಕೆಳಗಿಟ್ಟೆ. ಮುಂದಕ್ಕೆ ಓಡುವ ಆಟೋ ಎಂದರೆ ಮೂತಿಗೆ ಚಕ್ರವಿರುವ ನೋಸ್‌ವೀಲ್ ವಿಮಾನ. ಹಿಂದಕ್ಕೆ ಓಡುವ ಆಟೋ ಎಂದರೆ ಎರಡು ಚಕ್ರ ಮುಂದೆ, ಭಾರ ಅದರ ಹಿಂದೆ, ತಿರುಗುವ ಒಂಟಿ ಚಕ್ರ ಕೊನೆಗೆ. ಸಾಕ್ಷಾತ್ ಟೈಲ್‌ವೀಲ್. ನನ್ನ ಬಾಯಿಂದ ಬಾರದ ಮಾತನ್ನು ಆಟೋ ಹೇಳಲಿ ಎಂದುಕೊಂಡೆ.

ಭಾನುವಾರ ಪೀಣ್ಯದ ಒಳರಸ್ತೆಗಳು ಖಾಲಿ. ಆಟೋದವನು ಹಿಂದಿನ ರೆಕ್ಸಿನ್ ಪರದೆ ಸುತ್ತಿ ಮೇಲೆ ಕಟ್ಟಿದ, ಹಿಂತಿರುಗಿದರೆ ದಾರಿ ಕಾಣುವಂತೆ. "ಹಿಂದಕ್ಕ ಹೊಡಿಯಾಕ ಇಷ್ಟ್ ಮಂದಿ ಬೇಕೇನ್ರಿ ಸರ?" ಎಂದು ನಕ್ಕ. ಅಕ್ಕನೂ ಬಂದು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದಳು. ಭಾವನಿಗೆ ಹೇಳಿದ್ದು ಇಷ್ಟೇ: ಟೈಲ್‌ವೀಲಿಗೆ ಇದು ಒಳ್ಳೆಯ ಅಭ್ಯಾಸ. ಅವರಿಗೆ ಖುಷಿಯೋ ಖುಷಿ.

ಮೊದಲು ಕ್ಯಾಪ್ಟನ್ ಕೂತರು. ಕತ್ತು ಪೂರ್ತಿ ಹಿಂದೆ ತಿರುಗಿಸಿ, ಹ್ಯಾಂಡಲನ್ನು ಹೆಚ್ಚುಕಡಿಮೆ ಅಲುಗಿಸಿದ್ದೇ ಕಾಣದಂತೆ, ರಸ್ತೆಯ ಕೊನೆಯವರೆಗೆ ದಾರ ಹಿಡಿದಂತೆ ಓಡಿಸಿದರು. ಆಮೇಲೆ ನಾನು. ಹಾವು ಹೋದಂತೆ ಹೋದೆ, ಆದರೂ ರಸ್ತೆಯಲ್ಲೇ ಉಳಿದೆ. ಕೊನೆಗೆ ಭಾವ ಕನ್ನಡಕ ಒರೆಸಿಕೊಂಡು ಹತ್ತಿದರು.

ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಆಮೇಲೆ ಆಟೋದ ಹಿಂಭಾಗ ಒಂದಿಷ್ಟು ಎಡಕ್ಕೆ ಸರಿಯಿತು. ಭಾವ ನೋಡಿದರು. ಇನ್ನಷ್ಟು ಸರಿಯಿತು. ಇನ್ನೂ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ತಿದ್ದಿ, ತಿದ್ದಿ ಎಂದು ಕೂಗುತ್ತಿದ್ದೆ. ಆಗ ಹ್ಯಾಂಡಲನ್ನು ಒಮ್ಮೆಲೇ ತಿರುಚಿದರು. ಆಟೋ ಆ ಕಡೆ ತಿರುಗಿ, ಈ ಕಡೆ ವಾಲಿ, ಒಂದು ಚಕ್ರ ಎತ್ತಿಕೊಂಡು, ಪೂರ್ತಿ ಒಂದು ಸುತ್ತು ಸುತ್ತಿ ಮೋರಿಯಲ್ಲಿ ಹಿಂಗಾಲಿಟ್ಟು ಕೂತಿತು. ಅಕ್ಕ ಎದ್ದು ನಿಂತಳು.

"ಅಯ್ಯಯ್ಯಯ್ಯ, ಡಾಕ್ಟರ ಸಾಹೇಬ್ರ! ಪೆಟ್ಟಾತೇನ್ರಿ?" ಎಂದು ಆಟೋದವನು ಓಡಿದ.

ಭಾವ ಇಳಿದು, ಪ್ಯಾಂಟು ಕೊಡವಿಕೊಂಡು, ಆಟೋದ ಚಕ್ರಗಳನ್ನು ಗಂಭೀರವಾಗಿ ನೋಡಿದರು. "ಇದ್ರ ಅಲೈನ್‌ಮೆಂಟ್ ಸರಿ ಇಲ್ಲ ಕಣಯ್ಯ," ಅಂದರು.

"ಈಗ ಆ ಸಾಹೇಬ್ರು ನೆಟ್ಟಗ ಹೊಡದ್ರಲ್ರೀ?"

ಭಾವ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಸೇರಿ ಆಟೋ ಎತ್ತಿದೆವು. ಮತ್ತೆ ಹತ್ತಿದರು, ಈ ಸಲ ಎದುರಿನ ಮೋರಿ. ಅಲ್ಲಿ ರಸ್ತೆ ಓರೆಯಂತೆ. ನನಗೆ ತಡೆಯಲಾಗಲಿಲ್ಲ. ನೇರ ಅವರ ಮುಂದೆ ಹೋಗಿ ನಿಂತೆ.

"ಭಾವ..."

"ಏನೋ?"

ಅವರ ಹಣೆಯಲ್ಲಿ ಬೆವರು, ಮುಖದ ತುಂಬ ಉತ್ಸಾಹ, ಮುಂಗಾಲಿಗೆ ಮೋರಿಯ ಕೆಸರು. "ಕಾಫಿ ಕುಡಿಯೋಣ್ವಾ?" ಅಂದುಬಿಟ್ಟೆ. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಮೆಟ್ಟಿಲ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಕಾಫಿ ಕುಡಿಯುತ್ತಾ ಕ್ಯಾಪ್ಟನ್ ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಕತ್ತಿನ ಹಿಂಭಾಗ ಒತ್ತಿಕೊಂಡರು.

"ಡಾಕ್ಟ್ರೇ, ಒಂದ್ಮಾತು. ಹೇಳೋಕೆ ನಾಚಿಕೆ ಆಗತ್ತೆ. ಈಗ ಹಿಂದೆ ತಿರುಗಿದ್ನಲ್ಲ, ಕತ್ತು ಹಿಡ್ಕೊಂಡುಬಿಡ್ತು. ಈಚೆಗೆ ಹೀಗೇ ಆಗ್ತಿದೆ. ಟೈಲ್‌ವೀಲ್ ಅಂದ್ರೆ ಮೂತಿ ಅಡ್ಡ ಬರತ್ತೆ, ಕತ್ತು ಆ ಕಡೆ ಈ ಕಡೆ ಚಾಚಿ ದಾರಿ ನೋಡ್ಬೇಕು. ನನ್ನ ಕೈಲಾಗಲ್ಲ. ಮೊದಲನೇ ಫ್ಲೈಟ್ ನಾನೇ ಮಾಡ್ಬೇಕು ಅಂದ್ರೆ ದಯವಿಟ್ಟು ಮುಂದೆ ಚಕ್ರ ಹಾಕಿಸಿ."

ನಾನು ಬೆರಗಾಗಿ ನೋಡಿದೆ. ಟೈಲ್‌ವೀಲ್ ಬಾರದವನು ಪೈಲಟ್ಟೇ ಅಲ್ಲ ಎನ್ನುತ್ತಿದ್ದ ಮನುಷ್ಯ! ಭಾವನ ಮುಖದಲ್ಲಿ ಮರುಕ ಉಕ್ಕಿತು. ಮೂಳೆ ಡಾಕ್ಟರಿಗೆ ಕತ್ತು ನೋವೆಂದರೆ ಕೇಳಬೇಕೇ? ಅಲ್ಲೇ ಹಿಡಿದು, ಒತ್ತಿ, ಆ ಕಡೆ ಈ ಕಡೆ ತಿರುಗಿಸಿ ಪರೀಕ್ಷೆ ಮಾಡಿದರು. "ಮೊದಲೇ ಹೇಳ್ಬಾರ್ದಾ ಕ್ಯಾಪ್ಟನ್? ನಿಮಗಿಂತ ಚಕ್ರ ಹೆಚ್ಚಾ?" ಅಂದರು. ನನ್ನ ಕಡೆ ತಿರುಗಿ, ಇಷ್ಟು ದಿನ ನಾನೇ ಅಡ್ಡಿ ಮಾಡಿದವನೇನೋ ಎಂಬಂತೆ, "ನಾಳೆನೇ ನೋಸ್‌ವೀಲಿಗೆ ವೆಲ್ಡ್ ಮಾಡ್ಸು," ಅಂದರು. ಮಾರನೆಯ ದಿನ ಕ್ಯಾಪ್ಟನ್ನಿಗೆ ಕತ್ತುಪಟ್ಟಿ ಬಂತು. ಭಾವ ಬರುವ ದಿನವೆಲ್ಲ ಅವರು ಅದನ್ನು ಹಾಕಿಕೊಂಡೇ ಕೂರಬೇಕಾಯಿತು.

ನಿರ್ಧಾರವಾಯಿತು ಎಂದು ಕಷ್ಟ ಮುಗಿಯಲಿಲ್ಲ. ಕಿಟ್ಟಿನಲ್ಲಿದ್ದ ಎಂಜಿನ್ ಮೌಂಟು, ಎಂದರೆ ಎಂಜಿನ್ನನ್ನು ಪಂಜರಕ್ಕೆ ಹಿಡಿದಿಡುವ ಚೌಕಟ್ಟು, ಟೈಲ್‌ವೀಲಿಗೆ ಮಾಡಿದ್ದು. ಮೂತಿಯ ಕಾಲು ನಿಲ್ಲಬೇಕಾದರೆ ಮೌಂಟನ್ನೇ ಹೊಸದಾಗಿ ಕಟ್ಟಬೇಕು. ಮೊದಲನೆಯದು ವೆಲ್ಡಿಂಗ್ ಶಾಖಕ್ಕೆ ಎಳೆದುಕೊಂಡು ಸೊಟ್ಟಗಾಯಿತು. ನಾಲ್ಕು ಬೋಲ್ಟಿನ ತೂತುಗಳಲ್ಲಿ ಮೂರು ಕೂತವು, ನಾಲ್ಕನೆಯದು ಕೂರಲಿಲ್ಲ. ಎಳೆದು ಕೂರಿಸಬಹುದಿತ್ತು, ಆದರೆ ಎಳೆದು ಕೂರಿಸಿದ್ದು ಗಾಳಿಯಲ್ಲಿ ಬಿರುಕು ಬಿಡುತ್ತದೆ. ಅದನ್ನು ಗುಜರಿಗೆ ಎಸೆದು, ದಪ್ಪ ತಟ್ಟೆಯ ಮೇಲೆ ಒಂದು ಜಿಗ್ ಮಾಡಿ, ಕೊಳವೆಗಳನ್ನು ಅದಕ್ಕೆ ಬಿಗಿದು, ಎದುರು ಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ವೆಲ್ಡ್ ಹಾಕಿಸಿದೆ. ಕೊನೆಗೂ ನನ್ನ ಕಸುಬು ನನ್ನ ಕೈಗೆ ಬಂದಿತ್ತು.

ಆಮೇಲೆ ಬೀಳಿಸುವ ಪರೀಕ್ಷೆ. ಚೈನ್ ಪುಲ್ಲಿಯಲ್ಲಿ ಪಂಜರವನ್ನು ತೂಕದ ಸಮೇತ ಮೊಣಕಾಲೆತ್ತರ ಎತ್ತಿ, ಕೊಂಡಿ ಕಳಚಿ ದೊಪ್ಪನೆ ಬಿಡುವುದು. ದೊಡ್ಡ ಚಕ್ರಗಳು ತಡೆದುಕೊಂಡವು, ಮೂತಿಯ ಚಕ್ರವನ್ನು ಹಿಡಿದ ಫೋರ್ಕಿನ ಕವಲು ಬಾಗಿತು. ಕವಲನ್ನು ಅಗಲ ಮಾಡಿ, ಗುಣಿಗಳ ಮೇಲೆ ಹಾಯುವ ದೊಡ್ಡ ಟೈರು ಹಾಕಿದೆ. ಅದಾದ ಮೇಲೆ ಎಳೆದು ಓಡಿಸಿದರೆ ಆ ಚಕ್ರ ಗದಗದ ನಡುಗತೊಡಗಿತು. ತಿರುಗುವ ಜಾಗದಲ್ಲಿ ಘರ್ಷಣೆಯ ಬಿಲ್ಲೆ ಇಟ್ಟು, ನಡುಕ ನಿಲ್ಲುವಷ್ಟು ಮಾತ್ರ ಬಿಗಿದೆ. ಹೆಚ್ಚು ಬಿಗಿದರೆ ತಿರುಗುವುದಿಲ್ಲ, ಕಡಿಮೆಯಾದರೆ ಮತ್ತೆ ನಡುಕ. ಅದೊಂದೇ ನಟ್ಟಿನ ಜೊತೆ ನಾನು ಒಂದು ವಾರ ಜಗಳವಾಡಿದೆ. ನಡುನಡುವೆ ಭಾವ ಬಂದು, "ಟೈಲ್‌ವೀಲಲ್ಲಿ ಈ ರಗಳೆ ಇರ್ತಿರ್ಲಿಲ್ಲ, ಅಲ್ವಾ?" ಎಂದು ಕೇಳಿ ಹೋಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಸ್ಪ್ಯಾನರ್ ತಿರುಗಿಸುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಶೆಡ್ಡಿನ ಮೇಲೆ ಯಾವುದೋ ವಿಮಾನದ ಸದ್ದಾಯಿತು. ಕ್ಯಾಪ್ಟನ್ ಬಾಗಿಲಿಗೆ ಓಡಿ, ತಲೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಚೆಲ್ಲಿ, ಅದು ಕಾಣದಾಗುವವರೆಗೆ ಕತ್ತು ತಿರುಗಿಸುತ್ತಾ ನೋಡಿದರು. ಕತ್ತುಪಟ್ಟಿ ಬೆಂಚಿನ ಮೇಲಿತ್ತು. ನಾನು ಅವರನ್ನೇ ನೋಡುತ್ತಿದ್ದೆ.

"ಏನ್ ನೋಡ್ತೀಯ? ನನ್ನ ಕತ್ತಿಗೆ ಏನೂ ಆಗಿಲ್ಲ," ಎಂದರು. "ಅವತ್ತು ನಿಮ್ಮಕ್ಕನ ಮುಖ ನೋಡ್ದೆ ಕಣಯ್ಯ. ಯಾರಾದ್ರೂ ಏನಾದ್ರೂ ಹೇಳ್ಲೇಬೇಕಿತ್ತು. ನೀನೋ, ಕಾಫಿ ಅಂದೆ."

ಪಟ್ಟಿ ಎತ್ತಿಕೊಂಡು ಮತ್ತೆ ಕತ್ತಿಗೆ ಸುತ್ತಿಕೊಂಡರು. "ಸೆಕೆ ಇದು, ಥೂ," ಎಂದು ಬೈದುಕೊಂಡರು. ಆ ಪಟ್ಟಿಯೊಳಗಿನ ಅವರ ಮುಖ ನೋಡಿ ನನಗೆ ನಗುವೂ ಬಂತು, ಕಾಲಿಗೆ ಬೀಳಬೇಕೆಂದೂ ಅನ್ನಿಸಿತು.

ಸರ್ಜಾಪುರದ ಮಣ್ಣುಪಟ್ಟಿಯ ಹುತ್ತ ಕೆಡವಿಸಿ, ಗಾಡಿಜಾಡು ಮುಚ್ಚಿಸಿ, ರೋಲರ್ ಎಳೆಸಿದೆವು. ಮೊದಲು ಕ್ಯಾಪ್ಟನ್ ಹಾರಿಸಿದರು. ಆಮೇಲೆ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರಗಟ್ಟಲೆ ಹಾರಿಸಿದರು. ಕೊನೆಗೊಂದು ಬೆಳಿಗ್ಗೆ ಭಾವ ಒಬ್ಬರೇ ಹೊರಟರು. ಅಕ್ಕ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ನಾವು ಮೂವರೂ ಬಾವಿಯ ಆಚೆಯ ದಿಬ್ಬದಲ್ಲಿ ನಿಂತಿದ್ದೆವು.

ಏರಿದ್ದು ಚೆನ್ನಾಗಿತ್ತು. ಒಂದು ಸುತ್ತು ಹಾಕಿ ಇಳಿಯಲು ಬರುವಷ್ಟರಲ್ಲಿ ನೀಲಗಿರಿ ತೋಪಿನ ಕಡೆಯಿಂದ ಗಾಳಿ ಎದ್ದಿತು. ವಿಮಾನ ಓರೆಯಾಗಿಯೇ ನೆಲ ಮುಟ್ಟಿತು, ಮೂತಿ ನೇರ ಬಾವಿಯ ಕಡೆ. ಕೆಂಪು ಧೂಳೆದ್ದಿತು. ಅಕ್ಕನ ಉಗುರು ನನ್ನ ತೋಳಿಗೆ ನಾಟಿತು. ನಾನು ಬಾಲದ ರಡ್ಡರನ್ನೇ ನೋಡುತ್ತಿದ್ದೆ. ಭಾವ ಪೆಡಲ್ ಒತ್ತಿದರೆ ಅದು ಅಲುಗಬೇಕು. ಅಲುಗಲಿಲ್ಲ. ಅವರು ಎಂದಿನಂತೆ ನೋಡುತ್ತಿದ್ದರು. ಅಷ್ಟರಲ್ಲಿ ಚಕ್ರಗಳ ಮುಂದಿದ್ದ ಭಾರ ತನ್ನ ದಾರಿಗೆ ವಿಮಾನವನ್ನು ಎಳೆದುಕೊಂಡಿತು. ಮೂತಿ ಬಾವಿಯನ್ನು ಬಿಟ್ಟು ಮೆಲ್ಲಗೆ ಪಟ್ಟಿಯ ನೇರಕ್ಕೆ ತಿರುಗಿತು. ವಿಮಾನ ಒಂದಷ್ಟು ದೂರ ಓಡಿ ನಿಂತಿತು.

ನಾನೂ ಕ್ಯಾಪ್ಟನ್ನೂ ಓಡಿಹೋಗುವಷ್ಟರಲ್ಲಿ ಭಾವ ಜಿಗಿದು ಇಳಿದರು. ಮುಖ ಹೊಳೆಯುತ್ತಿತ್ತು. "ನೋಡಿದ್ಯೇನೋ? ಹೆಂಗೆ ನೇರ ಇಳಿಸ್ದೆ! ಇಷ್ಟೇ ಕಣೋ. ಟೈಲ್‌ವೀಲ್ ಆಗಿದ್ರೂ ನಂಗೇನೂ ಕಷ್ಟ ಆಗ್ತಿರ್ಲಿಲ್ಲ. ಪಾಪ, ಕ್ಯಾಪ್ಟನ್ ಕತ್ತಿಗೋಸ್ಕರ ಒಪ್ಕೊಂಡೆ ಅಷ್ಟೇ."

ಕ್ಯಾಪ್ಟನ್ ಕತ್ತು ಒತ್ತಿಕೊಳ್ಳುತ್ತಾ ಬೇರೆ ಕಡೆ ನೋಡಿದರು. ನನ್ನ ಪಿತ್ತ ನೆತ್ತಿಗೇರಿತು. ಅಷ್ಟೂ ತಿಂಗಳ ಸಿಟ್ಟು ಒಟ್ಟಿಗೇ ನಾಲಿಗೆಗೆ ಬಂತು. ಓರೆಯಾಗಿ ನೆಲ ಮುಟ್ಟಿದ ಟೈರಿನ ಗೀರು ಮಣ್ಣಿನಲ್ಲಿ ಎದ್ದು ಕಾಣುವಂತೆ ಬಿದ್ದಿರಬೇಕು, ಬಾವಿಯ ಕಡೆಗೆ ಬೆರಳು ತೋರಿಸಿದ ಹಾಗೆ. ಅದನ್ನು ತೋರಿಸಿಯೇ ಬಿಡುತ್ತೇನೆ, ಆದದ್ದಾಗಲಿ ಎಂದುಕೊಂಡೆ.

"ಭಾವ, ಒಂದ್ನಿಮಿಷ ಬನ್ನಿ ಇಲ್ಲಿ," ಎಂದು ಅವರ ಕೈ ಹಿಡಿದು ಕರೆದುಕೊಂಡು ಹೊರಟೆ. ಜೀವಮಾನದಲ್ಲಿ ಮೊದಲ ಸಲ ಅವರ ಕೈ ಹಿಡಿದು ಎಳೆದಿದ್ದೆ.

ಅಕ್ಕ ನಮಗಿಂತ ಮುಂಚೆ ಅಲ್ಲಿಗೆ ಹೋಗಿದ್ದಳು. ಸೀರೆ ತುಸು ಎತ್ತಿ ಹಿಡಿದು, ಚಪ್ಪಲಿಯಿಂದ ಆ ಗೀರನ್ನು ಉಜ್ಜುತ್ತಿದ್ದಳು. ನಾವು ಹತ್ತಿರ ಬರುವಷ್ಟರಲ್ಲಿ ಅಲ್ಲಿ ಕೆದರಿದ ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಅವಳ ಕಣ್ಣು ತುಂಬಿತ್ತು. ನನ್ನನ್ನು ನೋಡಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

"ಏನೋ ಅದು?" ಅಂದರು ಭಾವ.

"ಏನಿಲ್ಲ ಭಾವ," ಅಂದೆ. "ತುಂಬಾ ನೇರ ಇಳಿಸಿದ್ರಿ."